ಕಾರಂಜಿ ಬೇಕಾ, ನೈದಿಲೆ ಬೇಕಾ?

ಪ್ರಶ್ನೆ: ಮನೆ ಹಿಂದೆ ಹತ್ತಡಿ ಅಗಲದ ಜಾಗ ಇದೆ. ಅಲ್ಲಿ ಚಿಕ್ಕ ಕೊಳ ಮಾಡಿ, ನಡುವೆ ಕಾರಂಜಿ, ಸುತ್ತ ನೈದಿಲೆ ಹಾಕುವ ಆಸೆ. ನಮ್ಮತ್ತೆ ಮಾತ್ರ ‘ಸೊಳ್ಳೆ ಸಾಕೋಕೆ ಹೊರಟಿದೀಯಾ’ ಅಂತಾರೆ. ಇರುವುದು ಬೋರ್‌ವೆಲ್ ನೀರು. ಏನು ಮಾಡಲಿ?
– ಓದುಗರು, ಚಿತ್ರದುರ್ಗ

ಉತ್ತರ: ಕಾರಂಜಿ ಬಿಟ್ಟುಬಿಡಿ. ನೈದಿಲೆಗೆ ಅಲುಗಾಡದ ನೀರು ಬೇಕು, ಎಲೆ ಮೇಲೆ ಸದಾ ಹನಿ ಬೀಳುತ್ತಿದ್ದರೆ ಅದು ಏಳುವುದಿಲ್ಲ. ಮೇಲಾಗಿ ನಿಮ್ಮೂರ ಗಾಳಿ ಗೊತ್ತಲ್ಲ, ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢ ಬಂತೆಂದರೆ ಕಾರಂಜಿಯ ಅರ್ಧ ನೀರು ಪಕ್ಕದ ಮನೆಯವರ ಕಾಂಪೌಂಡಿಗೆ.

ನೆಲ ಅಗೆಯುವುದೂ ಬೇಡ. ಹಳ್ಳಿ ಕಡೆ ದನಕ್ಕೆ ನೀರಿಡುತ್ತಿದ್ದ ಹಳೇ ಕಲ್ಲುಬಾನಿ ಸಿಕ್ಕರೆ ಅದೇ ಚೆಂದ, ಒಂದಡಿಗಿಂತ ಜಾಸ್ತಿ ಆಳ ಇರಲಿ. ಇಲ್ಲದಿದ್ದರೆ ಎರಡಡಿ ಅಗಲದ ಸಿಮೆಂಟ್ ತೊಟ್ಟಿ ತನ್ನಿ. ಹೊಸ ಸಿಮೆಂಟ್ ಸುಣ್ಣ ಬಿಡುತ್ತದೆ, ಹಾಗಾಗಿ ಎರಡು ಮೂರು ವಾರ ನೀರು ತುಂಬಿಸಿ ಚೆಲ್ಲುತ್ತಿರಿ, ಅಲ್ಲಿವರೆಗೆ ಮೀನು ಬಿಡಬೇಡಿ. ನೈದಿಲೆ ಕುಂಡಕ್ಕೆ ಕೋಕೋಪೀಟ್ ಹಾಕಿದರೆ ಎಲ್ಲ ಮೇಲೆ ತೇಲುತ್ತದೆ. ಎರೆಮಣ್ಣು ಅಥವಾ ಕೆರೆ ಗೋಡು ತುಂಬಿ, ಮೇಲೊಂದು ಪದರ ದಪ್ಪ ಮರಳು ಹಾಕಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಬೇಕು, ಇಲ್ಲದಿದ್ದರೆ ಬರೀ ಎಲೆ.

ಇನ್ನು ಸೊಳ್ಳೆ. ಅತ್ತೆ ಹೇಳುವುದು ಸುಳ್ಳಲ್ಲ, ನಿಂತ ನೀರಲ್ಲಿ ಇಟ್ಟ ಮೊಟ್ಟೆ ಒಂದು ವಾರ, ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಐದಾರು ಗಪ್ಪಿ ಮೀನು ಬಿಡಿ, ಮರಿಗಳನ್ನೆಲ್ಲ ತಿಂದು ಮುಗಿಸುತ್ತವೆ. ಅಯ್ಯೋ ಪಾಪ ಅಂತ ಹೊಟ್ಟೆ ತುಂಬಾ ತಿಂಡಿ ಹಾಕಿದಿರೋ, ಸೊಳ್ಳೆಮರಿ ಕಡೆ ತಿರುಗಿಯೂ ನೋಡುವುದಿಲ್ಲ! ಮೀನು ಜಾಸ್ತಿಯಾದರೆ ಪರಿಚಯದವರಿಗೆ ಕೊಡಿ, ಕೆರೆಗೆ ಮಾತ್ರ ಬಿಡಬೇಡಿ. ಚಿಕ್ಕ ಮಕ್ಕಳಿದ್ದರೆ ತೊಟ್ಟಿಗೆ ಗಟ್ಟಿ ಜಾಲರಿ ಕಡ್ಡಾಯ.

ನಿಮಗೆ ನಿಜವಾದ ತಲೆನೋವು ಬೋರ್ ನೀರು. ಬೇಸಿಗೆಯಲ್ಲಿ ಇಷ್ಟಗಲದ ತೊಟ್ಟಿಯಿಂದ ದಿನಕ್ಕೆ ಒಂದೆರಡು ಚೊಂಬು ಆವಿಯಾಗುತ್ತದೆ. ನೀರು ಹೋಗುತ್ತದೆ, ಅದರ ಉಪ್ಪು ಹೋಗುವುದಿಲ್ಲ. ನೀವು ಮತ್ತೆ ಬೋರ್ ನೀರೇ ಸುರಿದರೆ ಉಪ್ಪಿನ ಮೇಲೆ ಉಪ್ಪು. ಅದಕ್ಕೇ ಆಗಾಗ ಮೂರನೇ ಒಂದು ಭಾಗ ಮೊಗೆದು ಗಿಡಕ್ಕೆ ಹಾಕಿ, ಮಳೆಗಾಲದಲ್ಲಿ ಚಾವಣಿ ಪೈಪನ್ನೇ ತೊಟ್ಟಿಗೆ ತಿರುಗಿಸಿ. ಉಕ್ಕಿದ್ದು ಬಾಳೆ ಬುಡಕ್ಕೆ ಹೋಗಲಿ. ನಿಮ್ಮ ಕೋಟೆಯಲ್ಲೂ ಇದೇ ಏರ್ಪಾಡು ಅಲ್ವಾ, ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಹಾಗೇ ಇಳಿದು ಊರೊಳಗಿನ ಸಂತೆಹೊಂಡದವರೆಗೆ.

ಪ್ರಶ್ನೆ: ನಮ್ಮ ತೊಟ್ಟಿಯ ಪಂಪಿಗೆ ಬಿಳಿ ಪದರ ಕಟ್ಟಿ ನೀರು ಏರುತ್ತಿಲ್ಲ. ಹೊಸದು ತರಬೇಕಾ?
– ಓದುಗರು, ದಾವಣಗೆರೆ

ಉತ್ತರ: ಈಗಲೇ ಬೇಡ. ಗಡಸು ನೀರಿನ ಸುಣ್ಣ ಅದು. ಪಂಪ್ ಬಿಚ್ಚಿ, ಒಳಗಿನ ಚಕ್ರವನ್ನು ಅರ್ಧ ಗಂಟೆ ವಿನೆಗರ್ ಅಥವಾ ನಿಂಬೆರಸದಲ್ಲಿ ನೆನೆಸಿ, ಹಳೇ ಬ್ರಶ್‌ನಿಂದ ಉಜ್ಜಿ ಚೆನ್ನಾಗಿ ತೊಳೆಯಿರಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಮೇಲೇ ನೀರಿಗೆ ಕೈ ಹಾಕಿ.