ವಾಕ್ ಕಡಿಮೆ ಇದ್ದ ಮಾತ್ರಕ್ಕೆ ಕಮಾಂಡ್ ಇದೆ ಅಂತಲ್ಲ

ಬೇಸ್‌ಬಾಲಿನಲ್ಲಿ ನಮ್ಮ ಪಿಚರ್ (ಚೆಂಡು ಎಸೆಯುವವ) ವಾಕ್ ಕೊಡುವುದೇ ಅಪರೂಪ, ಅಂದರೆ ನಾಲ್ಕು ಎಸೆತ ಜೋನ್ ತಪ್ಪಿಸಿ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ ಬಿಟ್ಟುಕೊಡುವುದಿಲ್ಲ, ಆದರೂ ಪ್ರತಿ ಮ್ಯಾಚಿನಲ್ಲಿ ಹೊಡೆಸಿಕೊಳ್ಳುತ್ತಾನೆ, ಅವನ ಕಮಾಂಡ್ ಅಳೆಯುವುದು ಹೇಗೆ ಅಂತ ಕೇಳಿದ್ದೀರಿ. ನಾನು ಗಂಗಾವತಿಯಲ್ಲಿ ಶಾಲೆ ಹುಡುಗರಿಗೆ ಬೇಸ್‌ಬಾಲ್ ಕಲಿಸುವ ಪಿ.ಟಿ. ಮಾಸ್ತರ. ನನಗೂ ಇಂಥವನೊಬ್ಬ ಗಂಟು ಬಿದ್ದಿದ್ದ.

ನಿಮ್ಮ ಹುಡುಗನಿಗೆ ಇರುವುದು ಕಂಟ್ರೋಲ್. ಚೆಂಡು ಸ್ಟ್ರೈಕ್ ಜೋನಿನೊಳಗೆ (ಹೋಮ್ ಪ್ಲೇಟಿನ ಮೇಲೆ, ಬ್ಯಾಟರ್‌ನ ಮೊಣಕಾಲಿಂದ ಎದೆಯವರೆಗಿನ ಚೌಕ) ಹೋದರೆ ಕಂಟ್ರೋಲ್, ಅಂದುಕೊಂಡ ಜಾಗಕ್ಕೇ ಹೋದರೆ ಕಮಾಂಡ್. ಬ್ಯಾಟರ್ ಪಕ್ಕ ನೆಲದಲ್ಲಿರುವ ಆ ಬಿಳಿ ಹೋಮ್ ಪ್ಲೇಟಿನ ಅಗಲ 17 ಇಂಚು. ಹೊರ ಅಂಚಿಗೆ ಅಂತ ಬಿಟ್ಟ ಚೆಂಡು ನಟ್ಟನಡುವೆ ಬಂದರೂ ಅಂಪೈರ್ ಲೆಕ್ಕದಲ್ಲಿ ಸ್ಟ್ರೈಕೇ. ಬ್ಯಾಟರ್‌ಗೆ ಹಬ್ಬ, ಅಷ್ಟೇ. ಉಲ್ಟಾನೂ ಇದೆ. ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್, ಹಾಗಾಗಿ ಎರಡು ಸ್ಟ್ರೈಕ್ ಆದ ಮೇಲೆ ಜಾಣ ಪಿಚರ್ ಬೇಕಂತಲೇ ಹೊರಗೆ ಹಾಕಿ ಆಸೆ ತೋರಿಸುತ್ತಾನೆ. ಬ್ಯಾಟರ್ ಬೀಸದಿದ್ದರೆ ಸ್ಕೋರ್ ಪುಸ್ತಕದಲ್ಲಿ ಅದು ಬಾಲ್, ಅಂದರೆ ಜೋನ್ ತಪ್ಪಿದ ಎಸೆತ. ಅಮೆರಿಕದ ಮೇಜರ್ ಲೀಗ್ ಪಿಚರ್ ಗ್ರೆಗ್ ಮ್ಯಾಡಕ್ಸ್ 1997ರಲ್ಲಿ 232ಕ್ಕೂ ಜಾಸ್ತಿ ಇನ್ನಿಂಗ್ಸ್ ಎಸೆದು ಕೊಟ್ಟ ವಾಕ್ ಬರೀ 20. ಅದರಲ್ಲೂ 6 ಬೇಕಂತ ಕೊಟ್ಟವು! ಆದರೆ ಅವನ ಚೆಂಡು ಗುರಿಯಿಂದ ಎಷ್ಟು ಇಂಚು ತಪ್ಪುತ್ತಿತ್ತು ಅನ್ನುವುದು ಆ 20ರಲ್ಲಿ ಎಲ್ಲಿದೆ?

ಹಾಗಾಗಿ ಗುರಿ ಯಾವುದು ಅಂತ ಎಸೆಯುವ ಮೊದಲೇ ಬಾಯಿಬಿಡಿಸಬೇಕು. ಎಸೆದಾದ ಮೇಲೆ ಕೇಳಿದರೆ ಎಲ್ಲರದೂ ಒಂದೇ ಮಾತು: "ಸರ್ರಿ, ನಾ ಅಲ್ಲೇ ಹಾಕ್ಬೇಕಂತ ಹಾಕೀನ್ರಿ."

ನಮ್ಮೂರಲ್ಲಿ ಖಾಲಿ ಅಕ್ಕಿ ಚೀಲಕ್ಕೇನು ಬರ? ನಾಲ್ಕು ಬಿಳಿ ಚೀಲ ಬಿಚ್ಚಿ, ಸೇರಿಸಿ ಹೊಲಿಸಿ, ಪ್ಲೇಟಿನ ಹಿಂದೆ ಎರಡು ಕಂಬಕ್ಕೆ ಬಿಗಿಯಾಗಿ ಕಟ್ಟಿಸಿದೆ. ಮಾರ್ಕರಿನಲ್ಲಿ ಜೋನ್ ಬರೆದು, ಮೂಲೆಗಳಿಗೆ 1ರಿಂದ 4 ನಂಬರ್ ಹಾಕಿದೆ. ಚೆಂಡನ್ನು ಒದ್ದೆ ಕೆಂಪು ಮಣ್ಣಿನಲ್ಲಿ ಹೊರಳಿಸಿ, ಬೆರಳು ಹಿಡಿಯುವ ಕಡೆ ಒರೆಸಿ ಕೊಡುತ್ತಿದ್ದೆ. ನಗಬೇಡಿ, ಮೇಜರ್ ಲೀಗಿನಲ್ಲೂ ಹೊಸ ಚೆಂಡಿನ ನುಣುಪು ಹೋಗಲಿ ಅಂತ ಡೆಲವೇರ್ ನದಿ ಕಡೆಯ ಕೆಸರು ಉಜ್ಜುತ್ತಾರೆ. ಹುಡುಗ ಜೋರಾಗಿ "ಮೂರು" ಅಂದು ಎಸೆಯಬೇಕು. ಚೀಲದ ಮೇಲೆ ಕೆಂಪು ಅಚ್ಚು ಬೀಳುತ್ತದೆ. ಮೂಲೆಯಿಂದ ಅಚ್ಚಿನ ನಡುವಿಗೆ ಟೇಪು ಹಿಡಿದು, ಎಷ್ಟು ಇಂಚು, ಯಾವ ಕಡೆ ಅಂತ ಬರೆಯುವುದು. ಒಬ್ಬೊಬ್ಬರಿಗೆ 20 ಚೆಂಡು.

ಸರಾಸರಿ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ನಮ್ಮಲ್ಲಿ ಇಬ್ಬರ ಸರಾಸರಿಯೂ 8 ಇಂಚಿನ ಆಸುಪಾಸು ಇತ್ತು. ಒಬ್ಬನ ಅಚ್ಚುಗಳೆಲ್ಲ ಬಲಕ್ಕೇ ಗುಂಪಾಗಿದ್ದವು. ಎಸೆಯುವಾಗ ಅವನ ಮುಂದಿನ ಕಾಲು ಅಡ್ಡ ಬೀಳುತ್ತಿತ್ತು, ನೆಲದ ಮೇಲೆ ಗೆರೆ ಎಳೆದು ವಾರದಲ್ಲಿ ಸರಿ ಮಾಡಿದೆವು. ಇನ್ನೊಬ್ಬನ ಅಚ್ಚು ನಾಲ್ಕೂ ದಿಕ್ಕಿಗೆ ಚೆಲ್ಲಾಪಿಲ್ಲಿ. ನಿಮ್ಮವನಂತೆ ವಾಕ್ ಕೊಡದವನು ಇವನೇ! ಮ್ಯಾಚಿನಲ್ಲಿ ಮೂಲೆ ಬಿಟ್ಟು ನಡುವಿಗೇ ಗುರಿ ಇಟ್ಟು ಎಸೆಯುತ್ತಿದ್ದ, ಅದಕ್ಕೇ ಜೋನ್ ತಪ್ಪುತ್ತಿರಲಿಲ್ಲ.

ಮ್ಯಾಚಿನಲ್ಲಿ ಅಳೆಯಲು, ಪ್ಲೇಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಗ್ಲೌಸ್ ಹಿಡಿದ ಜಾಗವನ್ನೇ ಗುರಿ ಅಂತ ಇಟ್ಟುಕೊಳ್ಳಬಹುದು. ಅಮೆರಿಕದ ಸ್ಪೋರ್ಟ್‌ವಿಷನ್ ಕಂಪನಿಯ ಕಮಾಂಡ್ ಎಫ್‌ಎಕ್ಸ್ ಕ್ಯಾಮೆರಾ ಲೆಕ್ಕವೂ ಇದೇ ಆಗಿತ್ತು: ಗ್ಲೌಸಿಗೂ ಚೆಂಡು ಬಂದ ಜಾಗಕ್ಕೂ ಎಷ್ಟು ದೂರ. ಆದರೆ ಎಷ್ಟೋ ಕ್ಯಾಚರ್‌ಗಳು ಕೊನೆ ಗಳಿಗೆಯಲ್ಲಿ ಗ್ಲೌಸ್ ಕೆಳಗಿಳಿಸಿಬಿಡುತ್ತಾರೆ. ಕರ್ವ್ ಬಾಲ್ (ತಿರುಗುವ ಎಸೆತ) ಇದ್ದರೆ ಸುಮ್ನೆ ಅಂದಾಜಿಗೆ ಹಿಡಿದಿರುತ್ತಾರೆ. ಹಾಗಾಗಿ ಮೊದಲು ಚೀಲ ಕಟ್ಟಿ, ಫಾಸ್ಟ್‌ಬಾಲ್ (ನೇರ, ವೇಗದ ಎಸೆತ) ಮಾತ್ರ ಎಸೆಸಿ ನೋಡಿ. ಮೊದಲ 5 ಮತ್ತು ಕೊನೆಯ 5 ಚೆಂಡಿನ ಲೆಕ್ಕ ಬೇರೆ ಬರೆಯಿರಿ, ಸುಸ್ತಾದಾಗ ಎಷ್ಟು ತಪ್ಪುತ್ತಾನೆ ಅಂತಲೂ ಗೊತ್ತಾಗುತ್ತದೆ.