ಆರ್ಡುಯಿನೋಗೆ ಕಟ್ಟಿದ ಬ್ರಷ್‌ಲೆಸ್ ಮೋಟಾರ್ ತಿರುಗುತ್ತಿಲ್ಲ, ಬರೀ ಬೀಪ್ ಬರುತ್ತಿದೆ, ಯಾಕೆ?

ಆರ್ಡುಯಿನೋ ಊನೋ ಬೋರ್ಡ್, 30 ಆಂಪ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್), 1000 ಕೆವಿ ಮೋಟಾರ್ (ಕೆವಿ ಅಂದರೆ ಲೋಡ್ ಇಲ್ಲದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ), 3 ಸೆಲ್‌ನ 11.1 ವೋಲ್ಟ್ ಲಿಪೋ ಬ್ಯಾಟರಿ. 9ನೇ ಪಿನ್‌ನಿಂದ ಅನಲಾಗ್‌ರೈಟ್‌ನಲ್ಲಿ (ಪಿನ್ನನ್ನು ಬೇಗ ಬೇಗ ಆನ್-ಆಫ್ ಮಾಡುವ ಆಜ್ಞೆ, ಗರಿಷ್ಠ 255) 0 ಕೊಟ್ಟು ಶುರು ಮಾಡಿ 128ರವರೆಗೆ ಏರಿಸಿದರೂ ಬೀಪ್ ಬಿಟ್ಟು ಬೇರೇನೂ ಇಲ್ಲ ಅಂತ ಬರೆದಿದ್ದೀರಿ. ಮೋಟಾರ್ ಕೆಟ್ಟಿರಲಿಕ್ಕಿಲ್ಲ. ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ, ಮುಂದಿನದು ಆಮೇಲೆ ಓದಿ. 11.1 ವೋಲ್ಟ್‌ಗೆ ಈ ಮೋಟಾರ್ ಲೋಡ್ ಇಲ್ಲದೆ ನಿಮಿಷಕ್ಕೆ ಸುಮಾರು 11,000 ಸುತ್ತು ಹೊಡೆಯುತ್ತದೆ. ಬೆರಳು ಸಿಕ್ಕರೆ ಕಷ್ಟ.

ನಾನೂ ಇದೇ ಜಾಗದಲ್ಲಿ ಎರಡು ಸಂಜೆ ಕೂತಿದ್ದೆ. ಸಾದಾ ಡಿಸಿ ಮೋಟಾರಿಗೆ ಅನಲಾಗ್‌ರೈಟ್ ಸಾಕು, ಯಾಕೆಂದರೆ ಅಲ್ಲಿ ನಾವು ಸರಾಸರಿ ವೋಲ್ಟೇಜನ್ನೇ ಏರಿಸಿ ಇಳಿಸುತ್ತೇವೆ. ಇಲ್ಲಿ ಹಾಗಲ್ಲ. ಮೋಟಾರಿನ ಮೂರು ವೈರಿಗೆ ಸರದಿಯಲ್ಲಿ ಕರೆಂಟ್ ಹಂಚುವ ಕೆಲಸ ಇಎಸ್‌ಸಿಯದು, ನಿಮ್ಮ ಸಿಗ್ನಲ್ ಅದಕ್ಕೆ ಕೊಡುವ ಸೂಚನೆ ಅಷ್ಟೇ. ಸಿಗ್ನಲ್‌ನ ಪ್ರತಿ ಪಲ್ಸ್ ಎಷ್ಟು ಹೊತ್ತು ಆನ್ ಆಗಿತ್ತು ಅಂತ ಅದು ಅಳೆಯುತ್ತದೆ: 1 ಮಿಲಿಸೆಕೆಂಡ್ ಅಂದರೆ ನಿಲ್ಲು, 2 ಅಂದರೆ ಪೂರ್ತಿ ವೇಗ.

ಊನೋದ 9ನೇ ಪಿನ್‌ನಲ್ಲಿ ಅನಲಾಗ್‌ರೈಟ್ ಸೆಕೆಂಡಿಗೆ ಸುಮಾರು 490 ಸಲ ಓಡುತ್ತದೆ, ಅಂದರೆ ಸಿಗ್ನಲ್‌ನ ಒಂದು ಆನ್-ಆಫ್‌ಗೆ ಸುಮಾರು 2 ಮಿಲಿಸೆಕೆಂಡ್. 0 ಕೊಟ್ಟರೆ ಪಲ್ಸೇ ಇಲ್ಲ, ಸಿಗ್ನಲ್ ಎಲ್ಲಿ ಅಂತ ಇಎಸ್‌ಸಿ ಕೂಗುತ್ತದೆ. ನೀವು ಅರ್ಧ ವೇಗ ಅಂದುಕೊಂಡ 128 ಅದಕ್ಕೆ ಸುಮಾರು 1 ಮಿಲಿಸೆಕೆಂಡ್, ಅಂದರೆ ನಿಲ್ಲು ಅಂದ ಹಾಗೆ!

ಆರ್ಡುಯಿನೋದ ಸರ್ವೋ ಲೈಬ್ರರಿ ಬಳಸಿ. ಅದು ಪ್ರತಿ 20 ಮಿಲಿಸೆಕೆಂಡಿಗೆ ಒಂದು ಪಲ್ಸ್ ಕಳಿಸುತ್ತದೆ. ಅಟ್ಯಾಚ್ ಆದ ಕೂಡಲೇ ರೈಟ್‌ಮೈಕ್ರೋಸೆಕೆಂಡ್ಸ್‌ನಲ್ಲಿ 1000 (ಅಂದರೆ 1 ಮಿಲಿಸೆಕೆಂಡ್) ಕೊಟ್ಟು ಮೂರ್ನಾಲ್ಕು ಸೆಕೆಂಡ್ ಸುಮ್ನೆ ಕಾಯಿರಿ. ಕಡಿಮೆ ಥ್ರಾಟಲ್ (ಎಷ್ಟು ಜೋರು ಓಡಿಸಬೇಕು ಅನ್ನುವ ಸೂಚನೆ) ನೋಡದೆ ಇಎಸ್‌ಸಿ ಆರ್ಮ್ ಆಗುವುದಿಲ್ಲ, ಅಂದರೆ ಓಡಲು ಸಿದ್ಧವಾಗುವುದಿಲ್ಲ, ಅದು ಸುರಕ್ಷತೆಗೇ ಇರುವುದು. ಆಮೇಲೆ 1100, 1150 ಅಂತ ನಿಧಾನಕ್ಕೆ ಏರಿಸಿ. ಮೊದಲೇ 2000 ಕೊಟ್ಟು ಬ್ಯಾಟರಿ ಹಾಕಿದರೆ ತುಂಬಾ ಇಎಸ್‌ಸಿಗಳು ಕ್ಯಾಲಿಬ್ರೇಷನ್‌ಗೆ (ಥ್ರಾಟಲ್ ಮಿತಿಗಳನ್ನು ಹೊಸದಾಗಿ ಕಲಿಯುವ ಸ್ಥಿತಿಗೆ) ಹೋಗುತ್ತವೆ.

ಇಎಸ್‌ಸಿಯ ಗ್ರೌಂಡ್ ವೈರ್ ಆರ್ಡುಯಿನೋ ಗ್ರೌಂಡಿಗೆ ಸೇರಲೇಬೇಕು, ಅದಿಲ್ಲದೆ ಸಿಗ್ನಲ್‌ಗೆ ಅರ್ಥವೇ ಇಲ್ಲ. ಇಎಸ್‌ಸಿಯ ಸಣ್ಣ ಕನೆಕ್ಟರಿನ ಕೆಂಪು ವೈರ್ ಮಾತ್ರ ಜೋಡಿಸದೆ ಬಿಟ್ಟುಬಿಡಿ, ಯುಎಸ್‌ಬಿಯಿಂದ ಬೋರ್ಡಿಗೆ ಪವರ್ ಇದೆಯಲ್ವಾ, ಎರಡು ಕಡೆಯಿಂದ 5 ವೋಲ್ಟ್ ಬೇಡ. ಉಲ್ಟಾ ತಿರುಗಿದರೆ ಮೋಟಾರಿನ ಮೂರರಲ್ಲಿ ಯಾವುದಾದರೂ ಎರಡು ವೈರ್ ಅದಲುಬದಲು ಮಾಡಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ವೇಗವನ್ನು ನಿಮಿಷಕ್ಕೆ 5,000 ಸುತ್ತಿನಲ್ಲೇ ಹಿಡಿದಿಡೋದು ಹೇಗೆ ಅಂತ. ರೈಟ್‌ಮೈಕ್ರೋಸೆಕೆಂಡ್ಸ್‌ಗೆ ಕೊಡುವ 1400ರಂಥ ಸಂಖ್ಯೆ ಥ್ರಾಟಲ್, ವೇಗ ಅಲ್ಲ. ಬ್ಯಾಟರಿ ಇಳಿದರೆ, ಲೋಡ್ ಜಾಸ್ತಿ ಆದರೆ ಸುತ್ತು ಕಡಿಮೆಯಾಗುತ್ತದೆ. ಮೋಟಾರಿನ ಹೊರಮೈಗೆ ಒಂದು ಬಿಳಿ ಟೇಪ್ ತುಂಡು ಅಂಟಿಸಿ, ಇನ್‌ಫ್ರಾರೆಡ್ ಸೆನ್ಸರನ್ನು 2ನೇ ಪಿನ್‌ನ ಇಂಟರಪ್ಟಿಗೆ (ಸಿಗ್ನಲ್ ಬಂದ ಕ್ಷಣವೇ ಪ್ರೋಗ್ರಾಮನ್ನು ಎಚ್ಚರಿಸುವ ವ್ಯವಸ್ಥೆ) ಕೊಟ್ಟು ಎರಡು ಪಲ್ಸ್ ನಡುವಿನ ಸಮಯ ಅಳೆಯಿರಿ. 5,000 ಸುತ್ತಿಗೆ ಅದು 12 ಮಿಲಿಸೆಕೆಂಡ್ ಬರಬೇಕು. ಜಾಸ್ತಿ ಬಂದರೆ ಥ್ರಾಟಲನ್ನು ಸ್ವಲ್ಪ ಏರಿಸಿ, ಕಡಿಮೆ ಬಂದರೆ ಇಳಿಸಿ. ಇಷ್ಟು ಓಡಿದ ಮೇಲೆ ಪಿಐಡಿ (ಗುರಿಗೂ ಅಳತೆಗೂ ಇರುವ ವ್ಯತ್ಯಾಸ ನೋಡಿ ಥ್ರಾಟಲನ್ನು ತಾನೇ ತಿದ್ದುವ ಲೆಕ್ಕ) ಹಾಕಬಹುದು.