ವಿಯೆಟ್ನಾಂ ತೋಟ ನೋಡಲು ಹೊರಟವರಿಗೆ: ಡಾಲರ್, ಡಾಂಗ್, ಕಾರ್ಡ್ ವಿಚಾರ

ಅಣ್ಣ, ಡಾಕ್ ಲಾಕ್ ಕಡೆ ಕಾಫಿ, ಮೆಣಸಿನ ತೋಟ ನೋಡಲು ಆರು ಜನ ಹೊರಟಿದ್ದೀರಿ. ಡಾಲರ್ ಒಯ್ಯಬೇಕಾ, ಕಾರ್ಡ್ ಸಾಕಾ, ಇಲ್ಲೇ ಡಾಂಗ್, ಅಂದರೆ ವಿಯೆಟ್ನಾಂ ದುಡ್ಡು, ಕೊಂಡುಬಿಡೋದಾ ಅಂತ ಕೇಳಿದ್ದೀರಿ. ನಾವು ಹೋಗಿ ಬಂದಿದ್ದೇವೆ, ಅನುಭವಕ್ಕೆ ಬಂದದ್ದನ್ನು ಬರೆಯುತ್ತೇನೆ.

ಕಾಫಿ ಚೆರಿ ಮಾರುವಾಗ ಬರೀ ಮೂಟೆ ರೇಟು ಕೇಳಿ ಯಾರೂ ಲೋಡ್ ಕಳಿಸುವುದಿಲ್ಲ, ಔಟ್‌ಟರ್ನ್, ಅಂದರೆ ಮೂಟೆಗೆ ಎಷ್ಟು ಕಾಫಿ ಬೀಜ ಸಿಗುತ್ತದೆ ಅಂತ ನೋಡಿಯೇ ಲೆಕ್ಕ ಹಾಕುತ್ತೇವೆ ಅಲ್ವಾ? ದುಡ್ಡು ಬದಲಾಯಿಸುವಾಗಲೂ ಹಾಗೇ. ಬೋರ್ಡಿನ ರೇಟು ನೋಡಬೇಡಿ. ಎಲ್ಲಾ ಕಳೆದು ಕೈಗೆ ಎಷ್ಟು ಬರುತ್ತದೆ ಅಂತ ಕೇಳಿ. 'ಕಮಿಷನ್ ಇಲ್ಲ' ಅಂತ ಬರೆದ ಕಡೆ ಕಮಿಷನ್ ರೇಟಿನೊಳಗೇ ಕೂತಿರುತ್ತದೆ.

ಡಾಂಗ್ ಇಲ್ಲಿ ಕೊಳ್ಳಬೇಡಿ. ಸಿಗುವುದೇ ಕಷ್ಟ, ಸಿಕ್ಕರೂ ರೇಟು ಚೆನ್ನಾಗಿರುವುದಿಲ್ಲ. ಡಾಲರ್ ಕೊಳ್ಳಿ. ಒಬ್ಬರು ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ನೋಟು ಒಯ್ಯಬಹುದು, ಅಷ್ಟು ಬೇಕಾಗುವುದೂ ಇಲ್ಲ. ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ಟಿಕೆಟ್ ಇಟ್ಟುಕೊಂಡು ಹೋಗಿ. 50,000 ರೂಪಾಯಿ ದಾಟಿದರೆ ನಗದು ತಗೊಳ್ಳುವಂತಿಲ್ಲ, ಖಾತೆಯಿಂದಲೇ ಕೊಡಬೇಕು. ಜಿಎಸ್‌ಟಿ ಪೂರ್ತಿ ಮೊತ್ತದ ಮೇಲೆ ಬೀಳುವುದಿಲ್ಲ. ಒಂದು ಲಕ್ಷಕ್ಕೆ ಬರೀ 180 ರೂಪಾಯಿ.

ಡಾಲರ್ ತಗೊಳ್ಳುವಾಗ ಒಂದೊಂದೇ ನೋಟು ಬೆಳಕಿಗೆ ಹಿಡಿದು ನೋಡಿ. ಹರಿದಿರಬಾರದು, ಪೆನ್ನಿನ ಗೀಟು, ಸೀಲು ಇರಬಾರದು. ಅಲ್ಲಿ ಅಂಥ ನೋಟು ವಾಪಸ್ ತಳ್ಳುತ್ತಾರೆ, ಇಲ್ಲಾ ರೇಟು ಇಳಿಸುತ್ತಾರೆ. ನೂರರ ನೋಟಿಗೆ ಒಳ್ಳೆ ರೇಟು, ಹತ್ತು ಇಪ್ಪತ್ತರ ನೋಟಿಗೆ ಕಮ್ಮಿ. ಮಡಚದೆ ಪುಸ್ತಕದ ನಡುವೆ ಇಟ್ಟುಕೊಳ್ಳಿ.

ಏರ್‌ಪೋರ್ಟಿನಲ್ಲಿ ಟ್ಯಾಕ್ಸಿಗೆ, ಊಟಕ್ಕೆ ಆಗುವಷ್ಟು ಮಾತ್ರ ಬದಲಾಯಿಸಿ. ಉಳಿದದ್ದು ಊರೊಳಗಿನ ಬ್ಯಾಂಕಿನಲ್ಲಿ. ಪಾಸ್‌ಪೋರ್ಟ್ ಕೇಳುತ್ತಾರೆ, ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಚಿನ್ನದಂಗಡಿಯಲ್ಲಿ ಜಾಸ್ತಿ ಸಿಗುತ್ತದೆ ಅಂತ ಹೇಳುವವರು ಸಿಗುತ್ತಾರೆ. ಪರವಾನಗಿ ಇದ್ದ ಕಡೆ ಸರಿ, ಇಲ್ಲದ ಕಡೆ ಬದಲಾಯಿಸುವುದು ಅಲ್ಲಿನ ಕಾನೂನಿನಲ್ಲಿ ತಪ್ಪು. ಅಂಗಡಿ, ಹೋಟೆಲಿಗೆ ಡಾಲರ್ ಕೊಡಲೂ ಹೋಗಬೇಡಿ. ಅಲ್ಲಿ ವ್ಯವಹಾರ ಡಾಂಗಿನಲ್ಲೇ ಆಗಬೇಕು.

ಇನ್ನು ಕಾರ್ಡ್. ಇದನ್ನು ನಿಧಾನಕ್ಕೆ ಓದಿ, ಜಾಸ್ತಿ ದುಡ್ಡು ಸೋರುವುದು ಇಲ್ಲೇ. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಹೊರದೇಶದ ಬಳಕೆ ಆನ್ ಮಾಡಿ. ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಎಷ್ಟೋ ಕಾರ್ಡ್‌ಗಳಿಗೆ ಹೊರದೇಶದಲ್ಲಿ 3.5% ಶುಲ್ಕ, ಅದರ ಮೇಲೆ 18% ಜಿಎಸ್‌ಟಿ. ಅಂದರೆ 10,000 ರೂಪಾಯಿಗೆ 413 ಹೋಯಿತು. ಈ ಶುಲ್ಕ ಇಲ್ಲದ ಕಾರ್ಡ್‌ಗಳೂ ಇವೆ, ನಿಮ್ಮ ಆರು ಜನರಲ್ಲಿ ಒಬ್ಬರ ಹತ್ತಿರವಾದರೂ ಅದು ಇರಲಿ. ಫಾರೆಕ್ಸ್ ಕಾರ್ಡ್‌ಗೆ ಡಾಲರ್ ತುಂಬಿಸಿ ಒಯ್ದರೆ ಡಾಲರ್‌ನಿಂದ ಡಾಂಗಿಗೆ ಮತ್ತೊಮ್ಮೆ ಬದಲಾಗಬೇಕು. ಅದಕ್ಕೆ ಬೇರೆ ಶುಲ್ಕ ಇದೆಯಾ ಅಂತ ಕೇಳಿಯೇ ಮಾಡಿಸಿ.

ಡಾಕ್ ಲಾಕ್‌ನ ಬುವಾನ್ ಮಾ ಥುವಟ್ ಪಟ್ಟಣದಲ್ಲಿ ಎಟಿಎಂಗೆ ಕಾರ್ಡ್ ಹಾಕಿ 30 ಲಕ್ಷ ಡಾಂಗ್ ಒತ್ತಿದೆ. ಪರದೆ ಮೇಲೆ ರೂಪಾಯಿ ಮೊತ್ತ ಬಂತು, ಕೆಳಗೆ ಎರಡು ಬಟನ್: ಎಟಿಎಂನವರ ಈ ರೂಪಾಯಿ ರೇಟು ಒಪ್ಪುತ್ತೀರಾ, ಬೇಡವಾ. ಒಪ್ಪದಿದ್ದರೆ ದುಡ್ಡೇ ಬರುವುದಿಲ್ಲ ಅನ್ನುವ ಹಾಗೆ ಕಾಣುತ್ತದೆ. ಹಾಗೇನಿಲ್ಲ. 'ಬೇಡ' ಒತ್ತಿದೆ, ಲೆಕ್ಕ ಡಾಂಗಿನಲ್ಲೇ ಆಗಿ ದುಡ್ಡು ಬಂತು. ಪಕ್ಕದ ಮೆಷಿನಿನಲ್ಲಿ ನಮ್ಮ ಜೊತೆಯವರು 'ಸರಿ' ಒತ್ತಿದರು. ಅಷ್ಟೇ ಡಾಂಗಿಗೆ ಅವರಿಗೆ ಆರು ನೂರು ರೂಪಾಯಿ ಜಾಸ್ತಿ ಬಿತ್ತು. ಅಂಗಡಿ, ಹೋಟೆಲಿನ ಮೆಷಿನಿನಲ್ಲೂ ಇದೇ ಆಟ. ಕೆಲವು ಸಲ ಕೌಂಟರಿನವರೇ ರೂಪಾಯಿ ಒತ್ತಿಬಿಡುತ್ತಾರೆ. ಪಿನ್ ಹಾಕುವ ಮೊದಲು ಡಾಂಗ್ ಇದೆಯಾ ನೋಡಿ, ಇಲ್ಲದಿದ್ದರೆ ರದ್ದು ಮಾಡಿಸಿ. ಎಟಿಎಂ ಪ್ರತಿ ಸಲಕ್ಕೂ ಶುಲ್ಕ ಹಿಡಿಯಬಹುದು, ಹಾಗಾಗಿ ಸ್ವಲ್ಪ ಸ್ವಲ್ಪ ತೆಗೆಯಬೇಡಿ.

ಸೊನ್ನೆಗಳಿಗೆ ಹೆದರಬೇಡಿ. ಮೂರು ಸೊನ್ನೆ ತೆಗೆದು ಮೂರೂವರೆಯಿಂದ ಗುಣಿಸಿ. ಒಂದು ಲಕ್ಷ ಡಾಂಗ್ ಅಂದರೆ ಹತ್ತಿರ ಹತ್ತಿರ 350 ರೂಪಾಯಿ. ಹೋಗುವ ವಾರದ ರೇಟು ನೋಡಿ ಸರಿಮಾಡಿಕೊಳ್ಳಿ. ಹೋಟೆಲ್ ಬೋರ್ಡಿನಲ್ಲಿ ಕಾಫಿಗೆ 25 ಅಂತಿದ್ದರೆ ಅದು 25,000 ಡಾಂಗ್. ಅವರೂ ಮೂರು ಸೊನ್ನೆ ಬಿಟ್ಟೇ ಮಾತಾಡುತ್ತಾರೆ.

ನೋಟಿನ ವಿಚಾರದಲ್ಲಿ ಮಾತ್ರ ಬಹಳ ಹುಷಾರು. 20,000 ನೋಟು ನೀಲಿ, 5,00,000 ನೋಟೂ ನೀಲಿ. ಸಂಜೆ ಮಬ್ಬಿನಲ್ಲಿ ನಮ್ಮ ಗುಂಪಿನವರೊಬ್ಬರು ಎಳನೀರಿಗೆ 20,000 ಅಂತ ಐದು ಲಕ್ಷದ್ದು ಕೊಟ್ಟು ಹೊರಟೇಬಿಟ್ಟರು. ಆ ಅಮ್ಮ ಕೂಗುತ್ತಾ ಹಿಂದೆ ಓಡಿಬಂದು ನೋಟು ವಾಪಸ್ ಕೊಟ್ಟರು. 1,700 ರೂಪಾಯಿಗಿಂತ ಜಾಸ್ತಿ ದುಡ್ಡು ಅದು. ಆಮೇಲೆ ನಾವೆಲ್ಲ ಐದು ಲಕ್ಷದ ನೋಟನ್ನು ಬೇರೆ ಜೇಬಿನಲ್ಲೇ ಇಟ್ಟೆವು. ನೀವೂ ಹಾಗೇ ಮಾಡಿ. ತೋಟದ ಕಡೆ ಹೋಗುವಾಗ ಚಿಲ್ಲರೆ ಜಾಸ್ತಿ ಇರಲಿ, ಹಳ್ಳಿ ಅಂಗಡಿಯಲ್ಲಿ ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟ.

ಬದಲಾಯಿಸಿದ ರಸೀದಿ ಬಿಸಾಡಬೇಡಿ. ಉಳಿದ ಡಾಂಗನ್ನು ಅಲ್ಲಿಂದ ಹೊರಡುವ ಮೊದಲೇ ಡಾಲರ್ ಮಾಡಿಸಿಕೊಳ್ಳಿ, ಆಗ ರಸೀದಿ ಕೇಳಬಹುದು. ಊರಿಗೆ ತಂದರೆ ಸುಮ್ನೆ ಬೀರುವಿನಲ್ಲಿ ಇರುತ್ತದೆ. ಬಸ್ಸು, ತೋಟದವರನ್ನು ಮಾತಾಡಿಸುವ ವಿಚಾರ ಬೇಕಿದ್ದರೆ ಇಲ್ಲೇ ಕೇಳಿ, ಅಣ್ಣ. ಗೊತ್ತಿದ್ದಷ್ಟು ಹೇಳುತ್ತೇನೆ.